ಟ್ರೇಯಲ್ಲಿ ಇಲ್ಲದ ಹಳದಿ

ಜೀವಶಾಸ್ತ್ರದ ಟೀಚರಿಗೆ ಅಂದು ಎರಡು ಸಂಕಟ. ಒಂದು, ಪ್ರಾಯೋಗಿಕ ಪರೀಕ್ಷೆಯಲ್ಲಿ ಒಬ್ಬ ಹುಡುಗಿ ಕಪ್ಪೆ ಕೊಯ್ಯುವುದಿಲ್ಲ ಎಂದು ಕೈಕಟ್ಟಿ ನಿಂತಿದ್ದಳು. ಎರಡು, ಆ ಹುಡುಗಿ ಅವರ ಸ್ವಂತ ಅಕ್ಕನ ಮಗಳು.

“ಚಿಕ್ಕಿ, ನನ್ನಿಂದ ಆಗಲ್ಲ” ಎಂದಿದ್ದಳು ಬೆಳಿಗ್ಗೆ, ಯಾರಿಗೂ ಕೇಳದ ಹಾಗೆ.

“ಇಲ್ಲಿ ನಾನು ಚಿಕ್ಕಿ ಅಲ್ಲ, ಮೇಡಂ.”

“ಸರಿ ಮೇಡಂ. ಆಗಲ್ಲ.”

“ಹೆದರಿಕೆನಾ? ಅಸಹ್ಯನಾ?”

“ಎರಡೂ ಅಲ್ಲ. ನನಗೋಸ್ಕರ ಅಂತ ಒಂದು ಸಾಯೋದು ಬೇಡ, ಅಷ್ಟೆ. ಪಕ್ಕದವಳ ಟ್ರೇ ನೋಡಿ ಚಿತ್ರ ಬರೀತೀನಿ.”

“ಅಂದ್ರೆ ಪಕ್ಕದವಳ ಕಪ್ಪೆ ಸತ್ತರೆ ಅಡ್ಡಿಯಿಲ್ಲ.”

“ಅದನ್ನೂ ಯೋಚಿಸಿದೆ. ಅಡ್ಡಿ ಇದೆ. ಅದಕ್ಕೇ ಸರಿಯಾಗಿ ನೋಡ್ತೀನಿ.”

ಟೀಚರ್ ಮಾತು ಬೆಳೆಸಲಿಲ್ಲ. ಕೊಯ್ದದ್ದಕ್ಕೆ ಐದು ಅಂಕ, ಅದನ್ನು ನೋಡಿ ಬರೆದ ಚಿತ್ರಕ್ಕೆ ಐದು. ಕೊಯ್ಯದವರ ಚಿತ್ರಕ್ಕೂ ಸೊನ್ನೆ. ಹತ್ತೊಂಬತ್ತು ವರ್ಷದ ಹಿಂದೆ ಈ ನಿಯಮ ಬರೆದವರು ಇವರೇ. ತಾವು ಕಾಲೇಜಿನಲ್ಲಿ ಮೊದಲ ಸಲ ಚಾಕು ಹಿಡಿದಾಗ ಮುಖ ಆಚೆ ತಿರುಗಿಸಿಕೊಂಡಿದ್ದರು. ಎಳೆಗೆಂಪು ಹೃದಯ ಇನ್ನೂ ಮಿಡಿಯುತ್ತಿದ್ದುದನ್ನು ಕಂಡದ್ದೇ ಅದರಿಂದ ಕಣ್ಣು ತೆಗೆಯಲಾಗಲಿಲ್ಲ. ಪುಸ್ತಕದಲ್ಲಿದ್ದದ್ದು ನಿಜ ಎಂದು ಗೊತ್ತಾದ ದಿನ ಅದು. ಮಕ್ಕಳಿಗೆ ಅಂಥ ದಿನವನ್ನು ತಪ್ಪಿಸಬಾರದೆಂದೇ ಅವರು ನಿಯಮ ಮಾಡಿದ್ದು.

ಮಧ್ಯಾಹ್ನ ಪರೀಕ್ಷೆ ಮುಗಿದು ಪ್ರಯೋಗಾಲಯ ಖಾಲಿಯಾಯಿತು. ಮೇಣ ಹಾಕಿದ ಇಪ್ಪತ್ತೆರಡು ಟ್ರೇಗಳು ಸಾಲಾಗಿ ಉಳಿದಿದ್ದವು. ಗೋಡೆಯ ಮೇಲೆ ಟೀಚರ್ ತಮ್ಮ ಹೊಸ ಹುರುಪಿನ ದಿನಗಳಲ್ಲಿ ಬಣ್ಣದಲ್ಲಿ ಬರೆದ ಕಪ್ಪೆಯ ದೊಡ್ಡ ಪಟವಿತ್ತು. ಪರೀಕ್ಷೆಯ ದಿನ ಯಾರೂ ನಕಲು ಮಾಡಬಾರದೆಂದು ಅದನ್ನು ತಿರುಗಿಸಿ ನೇತುಹಾಕುವುದು ರೂಢಿ. ಇಪ್ಪತ್ಮೂರನೆಯ ಕಪ್ಪೆ ಮಾತ್ರ ಪುಟ್ಟ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಗಂಟಲು ಅಲುಗಿಸುತ್ತ ಕೂತಿತ್ತು. ಮಕ್ಕಳು ‘ಕಪ್ಪೆ ಮಾವ’ ಎಂದು ಕರೆಯುವ ಅಟೆಂಡರ್ ಚಾಕು, ಚಿಮಟಗಳನ್ನು ತೊಳೆಯುತ್ತಿದ್ದರು.

ಅಂಕಪಟ್ಟಿ ಐದು ಗಂಟೆಯೊಳಗೆ ಪ್ರಿನ್ಸಿಪಾಲರ ಮೇಜು ಸೇರಬೇಕು. ಟೀಚರ್ ಎರಡೆರಡು ಸಲ ಕೂಡಿಸಿ ನೋಡಿದರು. ಚಿತ್ರಕ್ಕೂ ಸೊನ್ನೆ ಹಾಕಿದರೆ ಹುಡುಗಿಗೆ ಪಾಸಾಗಲು ಮೂರು ಅಂಕ ಕಡಿಮೆ ಬೀಳುತ್ತದೆ, ವರ್ಷ ಹಾಳು. ಅಷ್ಟರಲ್ಲಿ ಅಕ್ಕನ ಫೋನ್ ಬಂತು.

“ಏನೇ ಮಾಡ್ತೀಯ ಈಗ? ಎಲ್ಲ ನಿನ್ನ ಕೈಲೇ ಇದೆಯಲ್ಲ.”

“ಅದೇ ತೊಂದರೆ, ಅಕ್ಕ.”

“ಅವಳು ಹಟ ಕಲಿತದ್ದು ನಿನ್ನ ಹತ್ರಾನೇ. ನಂಗೇನೂ ಗೊತ್ತಿಲ್ಲಮ್ಮ” ಎಂದು ಅಕ್ಕ ಫೋನ್ ಇಟ್ಟಳು.

ಟೀಚರ್ ಚಿತ್ರಗಳ ಕಟ್ಟು ಬಿಚ್ಚಿದರು. ಎಲ್ಲವೂ ಒಂದೇ ಅಚ್ಚಿನಲ್ಲಿ ತೆಗೆದಂತಿದ್ದವು: ಕಂದು ಯಕೃತ್ತು, ಕೆಂಪು ಹೃದಯ, ಸುರುಳಿ ಕರುಳು, ಮೂತ್ರಪಿಂಡದ ಮೇಲೆ ಕೈಗವಸಿನ ಬೆರಳುಗಳ ಹಾಗೆ ಅರಳಿದ ಹಳದಿ ಕೊಬ್ಬು. ಸರಿ, ಸರಿ, ಸರಿ ಎಂದು ಕೆಂಪು ಪೆನ್ನು ಸರಸರ ಓಡಿತು. ಕೊನೆಗೆ ಉಳಿದದ್ದು ಅಕ್ಕನ ಮಗಳ ಹಾಳೆ. ನೋಡಬೇಕಾದ ಅಗತ್ಯವಿರಲಿಲ್ಲ, ಅಭ್ಯಾಸಬಲ, ನೋಡಿದರು. ರೇಖೆಗಳು ಅಂಕುಡೊಂಕು. ಕೊಬ್ಬಿನ ಬೆರಳುಗಳೇ ಇಲ್ಲ. ಆ ಜಾಗದಲ್ಲಿ ಎರಡು ಸಣ್ಣ ಮಾಸಲು ಎಳೆಗಳು. ಟೀಚರ್ ಅಲ್ಲಿಗೊಂದು ಕೆಂಪು ಸುತ್ತು ಹಾಕಿ ‘ತಪ್ಪು’ ಎಂದು ಬರೆದರು. ಸರಿಯಾಗಿ ನೋಡ್ತೀನಿ ಅಂದವಳು ನೋಡಿದ್ದು ಇಷ್ಟೇ!

ಹುಡುಗಿ ಚಿಕ್ಕಮ್ಮನ ಜೊತೆ ಮನೆಗೆ ಹೋಗಲೆಂದು ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದಳು. ಟೀಚರ್ ಕರೆದರು.

“ಕೊಬ್ಬು ಎಲ್ಲಮ್ಮಾ?”

“ಇರಲಿಲ್ಲ ಮೇಡಂ.”

“ಇರಲಿಲ್ಲ ಅಂದ್ರೆ? ಎಲ್ಲರೂ ಬರೆದಿದ್ದಾರೆ.”

“ಅದೇ ನಂಗೂ ಆಶ್ಚರ್ಯ ಆಯ್ತು.”

ಟೀಚರ್ ಎದ್ದು ಅವಳು ನೋಡಿ ಬರೆದ ಏಳನೆಯ ಟ್ರೇಯ ಬಳಿ ಹೋದರು. ಚಿಮಟದಿಂದ ಕರುಳನ್ನು ಸರಿಸಿದರು. ಎರಡು ಎಳೆಗಳು, ಹೊಲಿಗೆಯ ದಾರದಷ್ಟು, ಮಾಸಲು. ಎಂಟನೆಯದನ್ನು ನೋಡಿದರು. ಆಮೇಲೆ ಒಂದರಿಂದ ಶುರುಮಾಡಿ ಇಪ್ಪತ್ತೆರಡರವರೆಗೂ ಒಂದನ್ನೂ ಬಿಡದೆ ನೋಡಿದರು. ಹಳದಿ ಎಲ್ಲೂ ಇರಲಿಲ್ಲ.

“ಈ ಕಾಲದಲ್ಲಿ ಎಲ್ಲಿರುತ್ತೆ ಮೇಡಂ?” ಎಂದರು ಕಪ್ಪೆ ಮಾವ, ಕೈ ಒರೆಸಿಕೊಳ್ಳುತ್ತ. “ತಿಂಗಳುಗಟ್ಟಲೆ ಮಣ್ಣೊಳಗೆ ಉಪವಾಸ ಮಲಗಿ ಈಗಷ್ಟೇ ಎದ್ದವು. ಇದ್ದಬದ್ದ ಕೊಬ್ಬನ್ನೆಲ್ಲ ಕರಗಿಸಿಕೊಂಡೇ ಅಲ್ವಾ ಜೀವ ಹಿಡ್ಕೊಂಡಿದ್ದು.”

“ನಿಮಗೆ ಗೊತ್ತಿತ್ತಾ?”

“ಪ್ರತಿ ವರ್ಷ ಗುಡಿಸೋನು ನಾನು.”

“ಒಂದು ಮಾತು ಹೇಳಬಾರದಿತ್ತಾ?”

“ನೀವು ಪ್ರತಿ ವರ್ಷ ಸರಿ ಅಂತ ಗುರುತು ಹಾಕ್ತಿದ್ರಿ. ಮೇಡಂಗೆ ಏನೋ ಬೇರೆ ಲೆಕ್ಕ ಇರಬೇಕು ಅಂದ್ಕೊಂಡೆ.”

ಟೀಚರ್ ಸ್ಟೂಲಿನ ಮೇಲೆ ಕೂತರು. ಉಪವಾಸದ ಕಪ್ಪೆಯಲ್ಲಿ ಕೊಬ್ಬು ಕರಗುತ್ತದೆಂದು ಅವರೇ ಪಾಠ ಮಾಡುತ್ತಿದ್ದರು. ಪಾಠ ಬೇರೆ ತಿಂಗಳಲ್ಲಿ, ಪರೀಕ್ಷೆ ಬೇರೆ ತಿಂಗಳಲ್ಲಿ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಹತ್ತೊಂಬತ್ತು ವರ್ಷ, ವರ್ಷಕ್ಕೆ ಇಪ್ಪತ್ತರ ಮೇಲೆ ಕಪ್ಪೆ. ಅಷ್ಟೂ ಹೊಟ್ಟೆಗಳನ್ನು ತೆರೆದಿಟ್ಟುಕೊಂಡು ಮಕ್ಕಳು ಬರೆದದ್ದು ಗೋಡೆಯ ಪಟವನ್ನು, ತಾವು ಸರಿ ಎಂದದ್ದೂ ಅದಕ್ಕೇ. ಪಟವನ್ನು ತಿರುಗಿಸಿ ಏನು ಬಂತು, ಎಲ್ಲರಿಗೂ ಬಾಯಿಪಾಠ. ಹೀಗಿದ್ದಮೇಲೆ ಅವು ಸತ್ತದ್ದು ಏತಕ್ಕೆ?

ಅವರು ‘ತಪ್ಪು’ ಎಂಬ ಮಾತನ್ನು ಹೊಡೆದು, ಕೆಳಗೆ ‘ತಪ್ಪು ನನ್ನದು’ ಎಂದು ಬರೆದು ಸಹಿ ಹಾಕಿದರು. ಅಂಕದ ಜಾಗ ಖಾಲಿ ಬಿಟ್ಟು ಪ್ರಿನ್ಸಿಪಾಲರನ್ನೇ ಪ್ರಯೋಗಾಲಯಕ್ಕೆ ಕರೆಸಿದರು.

ಪ್ರಿನ್ಸಿಪಾಲರು ಗಣಿತದವರು. ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಎಲ್ಲ ಕೇಳಿದರು.

“ಇವಳು ನನ್ನ ಅಕ್ಕನ ಮಗಳು, ಸರ್. ನಾನು ಅಂಕ ಹಾಕಿದರೆ ನಾಲ್ಕು ಜನ ನಾಲ್ಕು ಥರ ಮಾತಾಡ್ತಾರೆ. ನೀವೇ ನೋಡಿ.”

“ಇಪ್ಪತ್ತೆರಡು ಟ್ರೇಯಲ್ಲಿ ಇಲ್ಲ, ಇಪ್ಪತ್ತೆರಡು ಚಿತ್ರದಲ್ಲಿ ಇದೆ” ಎಂದರು ಅವರು, ಟ್ರೇಗಳ ಉದ್ದಕ್ಕೂ ಒಮ್ಮೆ ನಡೆದು ಬಂದು. “ಇಲ್ಲದ್ದನ್ನ ಬರೆಯದೆ ಇದ್ದವಳು ಇವಳೊಬ್ಬಳೇ. ಆದರೆ ನಿಮ್ಮ ನಿಯಮ ಇದೆಯಲ್ಲ?”

“ನಿಯಮ ಮಾಡಿದ್ದು, ಕೊಯ್ದವರು ಮಾತ್ರ ನೋಡಿರ್ತಾರೆ ಅಂತ ನಂಬಿ. ಅದನ್ನ ತೆಗೀತಿದ್ದೀನಿ.”

ಪ್ರಿನ್ಸಿಪಾಲರು ಕೊಯ್ದದ್ದಕ್ಕೆ ಸೊನ್ನೆ, ಚಿತ್ರಕ್ಕೆ ಐದು ಬರೆದರು. ರೇಖೆ ಅಂಕುಡೊಂಕು ಎಂದು ಮತ್ತೆ ಯೋಚಿಸಿ ಐದನ್ನು ನಾಲ್ಕೂವರೆ ಮಾಡಿದರು. ಉಳಿದ ಇಪ್ಪತ್ತೆರಡು ಚಿತ್ರಗಳಲ್ಲಿ ಟೀಚರ್ ಅರ್ಧರ್ಧ ಅಂಕ ಕಡಿದರು. ಅದರಿಂದ ಯಾರೂ ನಪಾಸಾಗಲಿಲ್ಲ.

ಪ್ರಿನ್ಸಿಪಾಲರು ಹೋದಮೇಲೆ ಹುಡುಗಿ ಮೆಲ್ಲಗೆ ಕೇಳಿದಳು, “ಈಗ ಚಿಕ್ಕಿ ಅನ್ನಬಹುದಾ?”

“ಗೇಟು ದಾಟಲಿ.”

ಕಪ್ಪೆ ಮಾವ ಮುಂದಿನ ವರ್ಷಕ್ಕೆ ಬೇಕಾದ ಸಾಮಾನಿನ ಪಟ್ಟಿ ತಂದರು. ಕಪ್ಪೆ ಎಂಬಲ್ಲಿ ಎಂದಿನಂತೆ ‘ಇಪ್ಪತ್ಮೂರು’ ಎಂದು ಮೊದಲೇ ಬರೆದಿತ್ತು. ಟೀಚರ್ ಅದನ್ನು ಹೊಡೆದು ‘ಒಂದು’ ಎಂದು ಬರೆದರು.

“ಒಂದೇ?”

“ನಾನೇ ಕೊಯ್ತೀನಿ. ಎಲ್ಲರೂ ಸುತ್ತ ನಿಂತು ನೋಡಲಿ. ನಾನೂ ನೋಡ್ತೀನಿ.”

ಕಪ್ಪೆ ಮಾವ ತೊಟ್ಟಿಯತ್ತ ಕಣ್ಣು ಹಾಯಿಸಿದರು. “ಒಂದು ಇಲ್ಲೇ ಇದೆಯಲ್ಲ ಮೇಡಂ. ಸಾಕಿಕೊಳ್ಳಲಾ?”

“ಅದು ಇವಳ ಪಾಲಿನದು. ಇವಳನ್ನೇ ಕೇಳಿ.”

ಹುಡುಗಿ ಆಗಲೇ ತೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ನೀರು ತುಳುಕದ ಹಾಗೆ ಹಿಂಬಾಗಿಲಿನತ್ತ ನಡೆದಿದ್ದಳು.

“ಮುಂದಿನ ವರ್ಷದ್ದು ಯಾವ ಕಾಲದ್ದು ತರಿಸಲಿ?” ಕಪ್ಪೆ ಮಾವ ಕೇಳಿದರು. “ಕೊಬ್ಬು ಇರೋದಾ, ಇಲ್ಲದ್ದಾ?”

“ಯಾವುದಾದ್ರೂ ಸರಿ. ಏನಿರುತ್ತೋ ಅದನ್ನೇ ಬರೀತೀವಿ” ಎಂದ ಟೀಚರ್, ಪಟವನ್ನು ಮತ್ತೆ ಚಿತ್ರ ಕಾಣುವಂತೆ ತಿರುಗಿಸಲು ಎತ್ತಿದ ಕೈಯನ್ನು ಹಾಗೇ ಇಳಿಸಿ, ಅಂಕಪಟ್ಟಿ ತೆಗೆದುಕೊಂಡು ಹೊರಟರು.