ನೋಡದ ಜಾಗಕ್ಕೆ ಹಾಕಿದ ರುಜು

ಮಣಿಕೊಂಡದಾಚೆ ಕೆರೆಯಂಗಳದ ಜಾಗಕ್ಕೆ ‘ಒಣ ನೆಲ, ಮನೆ ಕಟ್ಟಲು ಯೋಗ್ಯ’ ಎಂದು ವರದಿ ಬರೆದು ಬೆಲೆ ಕಟ್ಟಿದರು. ಹೋಗಿ ನೋಡಿದವರು ಯಾರೂ ಇರಲಿಲ್ಲ. ಕೆಳಗೆ ‘ಸುಮಂಗಲಾ, ಡೈರೆಕ್ಟರ್’ ಎಂದು ರುಜು ಇತ್ತು.

ಐಟಿ ಆಫೀಸುಗಳು ಎದ್ದಂತೆಲ್ಲ ಅಲ್ಲಿಯ ಬಂಡೆಗಲ್ಲಿಗೂ ಬಂಗಾರದ ಬೆಲೆ ಬಂದ ಕಾಲ. ನಾರಾಯಣಗೂಡದ ಮೋಹನ ಜಾಗಗಳಿಗೆ ಬೆಲೆ ಕಟ್ಟಿಕೊಡುವ ಕಂಪನಿ ತೆರೆದ. ಕಾನೂನಿನಂತೆ ಎರಡನೇ ಡೈರೆಕ್ಟರ್ ಬೇಕಲ್ಲ, ತಮ್ಮನ ಹೆಂಡತಿ ಸುಮಂಗಲಾಳ ಹೆಸರು ಹಾಕಿದ. “ಮನೀ ಲಕ್ಷ್ಮಿ ಕೈಗುಣ ಭಾಳ ಚಲೋ” ಅಂತ ಶುಕ್ರವಾರ ವರದಿಗಳನ್ನು ದೇವರ ಮುಂದೆ ಇಡುವನು. ಆಕೆ ಕಾಗದದ ಮೂಲೆಗೆ ಕುಂಕುಮ ಹಚ್ಚಿ, ಓದದೆ ರುಜು ಮಾಡುವಳು. ಕೆರೆಯಂಗಳದ ಆ ವರದಿ ನಂಬಿ ಜನ ಅಲ್ಲಿ ಎದ್ದ ಮನೆಗಳನ್ನು ಕೊಂಡರು.

ಮೊದಲ ದೊಡ್ಡ ಮಳೆಗೇ ಗೋಡೆಗಳು ಕುಸಿದವು. ಶಾಮಲಾ ಎಂಬಾಕೆಯ ಕಾಲು ಕಲ್ಲಿನಡಿ ಜಜ್ಜಿಹೋಯಿತು. ವಕೀಲರ ನೋಟೀಸು ಬಂತು, ಸುಮಂಗಲಾಳ ಹೆಸರಿಗೇ.

ಅಂದಿನಿಂದ ಕಾಲಿಂಗ್ ಬೆಲ್ ಆದರೆ ಸಾಕು, ಆಕೆ ಒಳಕೋಣೆ ಸೇರುವಳು. ಕಡೆಗೆ ನೋಟೀಸು ಹಿಡಿದು ಹಿತ್ತಿಲ ಬಾಗಿಲಿಂದ ಪಕ್ಕದ ಮನೆಯ ವಕೀಲೆ ಶಿವದೇವಿಯ ಹತ್ತಿರ ಓಡಿದಳು.

“ಅಕ್ಕಾ, ಕಂಪನಿ ನಮ್ಮ ಭಾವಾರದು. ನಂದು ಬರೇ ಹೆಸರು. ನನಗೇನಾಕ್ಕತಿ?”

“ಬರೇ ಹೆಸರೇನವಾ? ಆ ಹೆಸರಿಗೊಂದು ಕೊರಳೈತಿ, ನೆನಪಿಟ್ಕೋ” ಅಂದಳು ಶಿವದೇವಿ. “ಕಂಪನಿ ಮಾಡಿದ ಎಲ್ಲಾ ತಪ್ಪಿಗೂ ಡೈರೆಕ್ಟರ್ ಹೊಣೆ ಆಗಂಗಿಲ್ಲ, ಖರೇ. ಆದ್ರ ನೋಡದ ಜಾಗಾನ ಒಣ ನೆಲ ಅಂತ ತಾನ ರುಜು ಹಾಕಿದ್ರ, ಕೋರ್ಟು ಆ ಡೈರೆಕ್ಟರನ್ನೇ ಹಿಡೀಬಹುದು. ನಷ್ಟ ತುಂಬಿಕೊಡು ಅಂದ್ರ ನಿನ್ನ ಸ್ವಂತ ಮನಿ, ಮೈಮ್ಯಾಲಿನ ಬಂಗಾರಕ್ಕೂ ಬಂದೀತು.”

“ನನಗ ಗೊತ್ತಿರಲಿಲ್ಲಲ್ಲಕ್ಕಾ!”

“ಶಾಮಲಾಗೂ ಗೊತ್ತಿರಲಿಲ್ಲ. ನಿನ್ನ ಮಾತು ನಂಬೇ ಆಕಿ ಆ ಮನಿಯಾಗ ಮಲಗಿದ್ದು.”

ಸುಮಂಗಲಾ ನೋಟೀಸನ್ನು ಮತ್ತೆ ಬಿಚ್ಚಿ, ಶಾಮಲಾಳ ಹೆಸರಿನ ಮೇಲೆ ಬೆರಳಿಟ್ಟಳು.

“ಇನ್ನೊಂದು ಸುಳ್ಳು ಸೇರಿಸಬ್ಯಾಡ. ನಡೆದದ್ದನ್ನ ನಡೆದಂಗ ಹೇಳು. ನಿನ್ನ ಪಾಲಿನ ತಪ್ಪು ಒಪ್ಕೋ” ಅಂದಳು ಶಿವದೇವಿ.

ಮನೆಗೆ ಬಂದರೆ ಮೋಹನ ಕಾಗದ ಹಿಡಿದು ಕೂತಿದ್ದ. ಗಂಡ ತಲೆ ತಗ್ಗಿಸಿ ಗೋಡೆಗೊರಗಿದ್ದ.

“ಬಾ ತಂಗಿ, ಹಳೇ ತಾರೀಖು ಹಾಕು. ಜಾಗ ನೋಡಿ ಬಂದೀನಿ ಅಂತ ರುಜು ಮಾಡು. ಮನಿತನದ ಮರ್ಯಾದಿ ನಿನ್ನ ಕೈಯಾಗೈತಿ” ಎಂದು ಪೆನ್ನು ಕೊಟ್ಟ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇಂಥ ಪೆನ್ನು ನಿಮ್ಮ ಕೈಗೂ ಬಂದೀತು. ಕೊಡುವವರು ನಿಮ್ಮವರೇ ಇರುತ್ತಾರೆ. ಜಾಗಕ್ಕೆ ಹೋಗಿ ನೋಡಿದವರು ಯಾರು ಎಂದು ಕೇಳಿ. ಉತ್ತರ ಸಿಗದಿದ್ದರೆ ರುಜು ಹಾಕಬೇಡಿ. ನೀವು ಕಾಣದ ಆ ನೆಲದ ಮೇಲೆ ಯಾರದೋ ಮಕ್ಕಳು ಮಲಗುತ್ತಾರೆ.

ಸುಮಂಗಲಾ ಪೆನ್ನನ್ನು ಮೋಹನನ ಕಡೆ ತಳ್ಳಿದಳು.

“ಹಾಕಂಗಿಲ್ರಿ, ಭಾವಾರ.”