ಪಾಲಾದ ಗೋದಲಿ

ಮನೆ, ಹೊಲ ಪಾಲಾಗುವುದನ್ನು ಎಲ್ಲರೂ ನೋಡಿರುತ್ತಾರೆ. ದೇವರ ಸಂಸಾರವನ್ನೇ ಪಾಲು ಮಾಡಿಕೊಂಡವರು ಅರಸೀಕೆರೆ ಸೀಮೆಯಲ್ಲಿ ನಾವೊಬ್ಬರೇ ಇರಬೇಕು. ನಾವು ಅಂದರೆ ಅಣ್ಣ ಮರಿಯಣ್ಣ, ತಮ್ಮ ಇನ್ನಾಸಪ್ಪ, ಇಬ್ಬರ ನಡುವೆ ಹುಟ್ಟಿದ ನಾನು, ಫಿಲೋಮಿನಾ. ಹೇಳಿಕೊಳ್ಳಲು ನಾಚಿಕೆ. ಹೊಟ್ಟೆಯಲ್ಲಿಟ್ಟುಕೊಂಡರೆ ಉರಿ ಇನ್ನೂ ಹೆಚ್ಚು, ಅದಕ್ಕೇ ಹೇಳುತ್ತಿದ್ದೇನೆ.

ಅಪ್ಪ ಅರಸೀಕೆರೆಯಲ್ಲಿ ರೈಲ್ವೆ ನೌಕರರಾಗಿದ್ದರು. ಡಿಸೆಂಬರ್ ಬಂತೆಂದರೆ ನಡುಮನೆಯ ಮೂಲೆಯಲ್ಲಿ ಗೋದಲಿ ಕಟ್ಟುತ್ತಿದ್ದರು. ಬಿದಿರು ದಬ್ಬೆಯ ಮೇಲೆ ಹುಲ್ಲು ಹೊದಿಸಿದ ಪುಟ್ಟ ಕೊಟ್ಟಿಗೆ, ಒಳಗೆ ಜೋಸೆಫರು, ಮರಿಯಮ್ಮ, ಹಸು, ಕತ್ತೆ, ಕುರಿ ಕಾಯುವವನು, ಕಾಣಿಕೆ ಹೊತ್ತ ಮೂವರು ರಾಯರು. ಮದುವೆಯಾದ ಹೊಸದರಲ್ಲಿ ಅಪ್ಪ ಬೆಂಗಳೂರಿನಿಂದ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಗೊಂಬೆಗಳು ಅವು. ಅಮ್ಮ ಜಪಮಾಲಮ್ಮ ತೆಂಗಿನ ಕರಟಗಳಿಗೆ ಮಣ್ಣು ತುಂಬಿ ಮೊದಲೇ ರಾಗಿ ಚೆಲ್ಲಿಡುತ್ತಿದ್ದಳು. ಹಬ್ಬದ ಹೊತ್ತಿಗೆ ಅದು ಬೆರಳುದ್ದ ಬೆಳೆದು ಕೊಟ್ಟಿಗೆಯ ಸುತ್ತ ಹಸಿರು ಹೊಲವೇ ಆಗುತ್ತಿತ್ತು. ಮಗು ಮಲಗುವ ಜಾಗ ಮಾತ್ರ ಖಾಲಿ. ಕ್ರಿಸ್‌ಮಸ್ ಬೆಳಿಗ್ಗೆ ಪೂಜೆ ಮುಗಿಸಿ ಚರ್ಚಿನಿಂದ ಬಂದು, ಅಮ್ಮ ಸೆರಗಿನೊಳಗಿಂದ ಬಾಲಯೇಸುವನ್ನು ತೆಗೆದು ಅಲ್ಲಿ ಮಲಗಿಸಬೇಕು. ಆಮೇಲೆಯೇ ನಮಗೆ ತಿಂಡಿ.

ಎದುರು ಮನೆಯ ಶಿವಗಂಗಮ್ಮ ತಪ್ಪದೆ ನೋಡಲು ಬರುತ್ತಿದ್ದರು. ಮೊಟ್ಟೆ ಮುಟ್ಟದ ಬೇರೆ ಬಾಣಲೆಯಲ್ಲಿ ಅಮ್ಮ ಅವರಿಗೆಂದೇ ಕಜ್ಜಾಯ ಕರಿದರೂ ಬಾಳೆಹಣ್ಣು ಮಾತ್ರ ತೆಗೆದುಕೊಂಡು, "ಕೊಟ್ಗೆ ನೋಡ್ತಿದ್ರೆ ನಮ್ ತವರುಮನೆ ನೆಪ್ಪಾಯ್ತದೆ ಕಣೇ" ಎಂದು ಕೈಮುಗಿಯುತ್ತಿದ್ದರು. ಅವರ ಯಜಮಾನರು ಸಿದ್ದಬಸಪ್ಪ, ಕೊಬ್ಬರಿ ವ್ಯಾಪಾರಿ, ಅಪ್ಪನ ಗೆಳೆಯರು. ಬೀದಿಯ ಜಗಳಗಳಿಗೆಲ್ಲ ನ್ಯಾಯ ಹೇಳುವವರು ಅವರೇ.

ಅಪ್ಪ ತೀರಿಕೊಂಡ ವರ್ಷ ಮನೆ ಪಾಲಾಯಿತು. ರಸ್ತೆ ಕಡೆಯ ಅರ್ಧ ಅಣ್ಣನಿಗೆ, ಹಿಂದಿನ ಅರ್ಧ ತಮ್ಮನಿಗೆ. ರಸ್ತೆ ಕಡೆಯದು ತನಗೇಕಿಲ್ಲ ಎಂದು ತಮ್ಮ ಕೂಗಾಡಿದ, ಅಣ್ಣ ಹೊಡೆಯಲು ಕೈ ಎತ್ತಿದ. ಅದೇ ಬಿಸಿಯಲ್ಲಿ ಅಟ್ಟದಿಂದ ಗೋದಲಿಯ ಪೆಟ್ಟಿಗೆ ಇಳಿಯಿತು. ಅದೂ ನನಗೆ, ನನಗೆ ಎಂದರು. ಸಿದ್ದಬಸಪ್ಪನವರಿಗೆ ಕೊಬ್ಬರಿ ತೂಗಿ ಅಭ್ಯಾಸ. "ಯಾಕ್ರಪ್ಪಾ ಜಗ್ಳ? ಬೊಂಬೆ ತಾನೆ, ಸಮವಾಗಿ ಹಂಚ್ಕಳಿ" ಎಂದರು. ಪಾಪ, ಒಳ್ಳೆಯ ಮನುಷ್ಯ. ಹಂಚಬಾರದ್ದು ಎಂದು ಅವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದವರು ಬಾಯಿ ಬಿಡಲಿಲ್ಲ. ಜೋಸೆಫರು ಮತ್ತು ಕತ್ತೆ ಅಣ್ಣನಿಗೆ ಹೋದವು. ಕತ್ತೆ ಸರಿಯಾದ ಕಡೆಗೇ ಹೋಯಿತು ಎಂದು ಆಗಲೇ ಅಂದುಕೊಂಡೆ. ಮರಿಯಮ್ಮ, ಹಸು, ಕುರಿ ಕಾಯುವವನು ತಮ್ಮನಿಗೆ. ರಾಯರು ತಲೆಗೊಬ್ಬರು. "ಮಗ ಹೆಣ್ಮಗಳಿಗಿರ್ಲಿ" ಎಂದು ಬಾಲಯೇಸುವನ್ನು ನನ್ನ ಕೈಗಿಟ್ಟರು, ಮಕ್ಕಳಾಗದ ನನ್ನ ಮೇಲಿನ ಕನಿಕರದಿಂದ. ಅಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ತಮ್ಮ ತನ್ನ ಭಾಗ ಮಾರಿ ಬೇಲೂರಿಗೆ ಹೋದ. ಅಣ್ಣತಮ್ಮಂದಿರಿಗೆ ಮಾತು ನಿಂತಿತು. ನಾನು ಮದುವೆಯಾದಾಗಿನಿಂದ ಹಳೇಬೀಡಿನಲ್ಲಿ. ಬಸ್ತಿಹಳ್ಳಿ ರಸ್ತೆಯಲ್ಲಿ ನನ್ನ ಗಂಡನ ಪಂಕ್ಚರ್ ಅಂಗಡಿ, ಅದರ ಹಿಂದೆಯೇ ಮನೆ. ಅಮ್ಮ ಒಂದೊಂದು ಕ್ರಿಸ್‌ಮಸ್ಸಿಗೆ ಒಂದೊಂದು ಮನೆ ಎಂದು ಚೀಲ ಹಿಡಿದು ತಿರುಗತೊಡಗಿದಳು. ಅಣ್ಣನ ಮನೆಯಲ್ಲಿ ಅಂಗಡಿಯಿಂದ ತಂದ ಹೊಸ ಮರಿಯಮ್ಮ ಜೋಸೆಫರಿಗಿಂತ ಒಂದು ಗೇಣು ಎತ್ತರ. ತಮ್ಮನ ಮನೆಯಲ್ಲಿ ಕುರಿ ಕಾಯುವವನೇ ಜೋಸೆಫರಾಗಿ ನಿಂತಿದ್ದ. ನಮ್ಮ ಮನೆಯ ಖಾಲಿ ಕೊಟ್ಟಿಗೆಯಲ್ಲಿ ಮಗು, ಪಕ್ಕಕ್ಕೊಬ್ಬ ರಾಯ, ಅಷ್ಟೇ. ಮೊದಮೊದಲು ಅಮ್ಮ ಇದನ್ನು ಹೇಳಿ ನಗುತ್ತಿದ್ದಳು. ಆಮೇಲಾಮೇಲೆ ಗೋದಲಿ ಹೇಗಿತ್ತಮ್ಮಾ ಎಂದು ಕೇಳಿದರೆ, "ಐತೆ" ಎಂದಷ್ಟೇ ಹೇಳುತ್ತಿದ್ದಳು.

ಈ ವರ್ಷ ನವೆಂಬರಿನಲ್ಲಿ ಅವಳಿಗೆ ಉಸಿರು ಕಟ್ಟಿ ಆಸ್ಪತ್ರೆ ಸೇರಿಸಿದೆವು. ಅಲ್ಲಿಂದ ನೇರ ನಮ್ಮ ಮನೆಗೆ ಬಂದವಳು ಮಂಚದ ಮೇಲೆ ಕೂತು ಹೇಳಿದಳು: "ಫಿಲೋಮಿ, ಈ ಹಬ್ಬುಕ್ಕೆ ಜೋಸೆಪ್ಪಪ್ಪ, ಮರಿಯಮ್ಮ, ಮಗ, ಎಲ್ಲಾರ್ನೂ ಒಂದೇ ಕೊಟ್ಗೇಲಿ ಇಕ್ಕಿ ನೋಡ್ಬೇಕು ಕಣೇ. ಮುಂದಿನ್ ವರ್ಸುಕ್ಕೆ ನಾನಿರಾಕಿಲ್ಲ."

ನಾನು ಅರಸೀಕೆರೆಗೆ ಹೋದೆ. "ಚಿಕ್ಕೋನು ಅವ್ನು. ಅವ್ನು ಮೊದ್ಲು ಇಕ್ಲಿ, ಆಮೇಲ್ ನಾನು ಇಕ್ತೀನಿ" ಎಂದ ಅಣ್ಣ. ಬೇಲೂರಿಗೆ ಹೋದೆ. "ದೊಡ್ಡೋನು ಅವ್ನಲ್ವಾ ಅಕ್ಕ? ದೊಡ್ಡೋನು ಮೊದ್ಲು ಇಡ್ಬೇಕಪ್ಪ" ಎಂದ ತಮ್ಮ. ಊಟಕ್ಕೆ ಬರಲು ಮಾತ್ರ ಇಬ್ಬರೂ ಒಪ್ಪಿದರು. ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಹೆತ್ತವಳು ಸಾಯುವ ಮಾತಾಡುತ್ತಿದ್ದಾಳೆ, ಇವರಿಗೆ ಸರದಿಯ ಚಿಂತೆ.

ಕ್ರಿಸ್‌ಮಸ್ ಬೆಳಿಗ್ಗೆ ಗೋದಲಿ ಸಿದ್ಧವಾಗಿತ್ತು. ರಾಗಿ ಪೈರು ಚೆನ್ನಾಗಿಯೇ ಬಂದಿತ್ತು. ಪೂಜೆ ಮುಗಿಸಿ ಬಂದ ಮೇಲೆ ಮಗುವನ್ನು ಮಲಗಿಸಮ್ಮಾ ಎಂದೆ. "ತಾಯ್ತಂದೆ ಬರ್ಲಿ ತಡಿ" ಎಂದು ಅಮ್ಮ ಅದನ್ನು ಮಡಿಲಲ್ಲೇ ಇಟ್ಟುಕೊಂಡಳು.

ಅಣ್ಣ ಒಬ್ಬನೇ ಬಸ್ಸಿನಲ್ಲಿ ಬಂದ. ಬ್ಯಾಗನ್ನು ಅಮ್ಮನ ಮಂಚದ ಕಾಲಿನ ಹತ್ತಿರ ಇಟ್ಟು, ಅವಳ ಪಕ್ಕ ಕೂತ. ತಮ್ಮ ಹೆಂಡತಿಯ ಜೊತೆ ಬೈಕಿನಲ್ಲಿ ಬಂದ, ತನ್ನ ಬ್ಯಾಗನ್ನು ಬಾಗಿಲ ಹತ್ತಿರವೇ ಇಟ್ಟ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನು ಕೋಳಿ ಸಾರು ತೋಡುತ್ತಿದ್ದಾಗ ತಮ್ಮನ ಹೆಂಡತಿ ಅಡುಗೆಮನೆಗೆ ಬಂದು ಪಿಸುಗುಟ್ಟಿದಳು: "ಅಕ್ಕ, ಮರಿಯಮ್ಮನ್ನ ತಂದವ್ರೆ. ಭಾವ ತಗುದ್ರೆ ತೆಗಿತೀನಿ ಅಂತವ್ರೆ. ನಾನ್ ಹೇಳ್ದೆ ಅನ್ಬೇಡಿ."

ನೀರಿನ ಚೊಂಬು ಇಡುವ ನೆಪದಲ್ಲಿ ಅಣ್ಣನ ಬ್ಯಾಗನ್ನು ಸರಿಸಿದೆ. ಭಾರವಾಗಿತ್ತು. ಟವೆಲ್ಲು ಸುತ್ತಿದ್ದ ಗಟ್ಟಿ ವಸ್ತು ಕೈಗೆ ತಾಕಿತು. ಇವನೂ ತಂದಿದ್ದ! ಇನ್ನೇನು, ಒಂದು ಮಾತು ಬೇಕು ಅಷ್ಟೇ ಎಂದುಕೊಂಡೆ. ಎಲ್ಲರೂ ಊಟಕ್ಕೆ ಕೂತಾಗ ನಗುನಗುತ್ತಲೇ ಕೇಳಿದೆ: "ಏನ್ರಪ್ಪಾ, ಗೋದ್ಲಿಗೆ ಏನಾದ್ರೂ ತಂದಿದ್ರೆ ತೆಗೀರಿ. ಅಮ್ಮ ಕಾಯ್ತಾ ಐತೆ."

ಅಣ್ಣ ತಮ್ಮನ ಕಡೆ ನೋಡಿದ. ತಮ್ಮ ತಟ್ಟೆ ನೋಡಿದ.

"ನಾನೇನ್ ತಂದಿಲ್ಲ" ಎಂದ ತಮ್ಮ.

"ತರೋಂಗಿದ್ರೆ ಅವ್ನು ಬೇಲೂರಿಗೆ ಯಾಕ್ ಹೊತ್ಕೊಂಡೋಗ್ತಿದ್ದ?" ಎಂದ ಅಣ್ಣ. "ನಾನೂ ತಂದಿಲ್ಲ. ಸಾರು ಬಡಿಸು."

ಆಡಿದ ಮಾತು, ಒಡೆದ ಮುತ್ತು. ತಂದಿಲ್ಲ ಎಂದ ಮೇಲೆ ಇಬ್ಬರೂ ತೆಗೆಯುವುದಾದರೂ ಹೇಗೆ? ನಾನೇ ಎರಡೂ ಬ್ಯಾಗುಗಳನ್ನು ನೆಲಕ್ಕೆ ಸುರಿದುಬಿಡಬೇಕು ಎಂದು ಎದ್ದೆ. ಅಮ್ಮ ನನ್ನನ್ನೇ ನೋಡುತ್ತಿದ್ದಳು. ಬೇಡ ಎಂದು ಮೆಲ್ಲಗೆ ತಲೆಯಾಡಿಸಿದಳು. ನಾನು ಕೂತೆ. ಕಜ್ಜಾಯ ತಿಂದರು, ಬಿಸಿಲು ಜಾಸ್ತಿ ಎಂದರು, ತೆಂಗಿನಕಾಯಿ ಧಾರಣೆ ಮಾತಾಡಿದರು, ಎಲ್ಲವೂ ನನ್ನ ಮುಖ ನೋಡಿಕೊಂಡೇ. ಇಳಿಹೊತ್ತಿಗೆ ಅಣ್ಣ, "ಬತ್ತೀನಮ್ಮ" ಎಂದು ಬ್ಯಾಗು ಹೆಗಲಿಗೇರಿಸಿದ. ತಮ್ಮ ಬೈಕು ಚಾಲು ಮಾಡಿದ. ಮರಿಯಮ್ಮನೂ ಜೋಸೆಫರೂ ಒಂದೇ ಬಾಗಿಲಿನಿಂದ ಹೊರಟು, ಒಬ್ಬರು ಬೇಲೂರಿನ ಕಡೆ, ಒಬ್ಬರು ಅರಸೀಕೆರೆಯ ಕಡೆ ಹೋದರು.

ಬಾಗಿಲು ಹಾಕಿ ಬಂದವಳೇ ಕಿರುಚಿದೆ. "ಅಮ್ಮಾ, ಇಬ್ರೂ ತಂದಿದ್ರು! ಇಬ್ರ ಬ್ಯಾಗಲ್ಲೂ ಇತ್ತು!"

"ಗೊತ್ತು" ಎಂದಳು ಅಮ್ಮ. "ಮರಿಯಣ್ಣನ್ ಬ್ಯಾಗು ನನ್ ಕಾಲತ್ರನೇ ಇತ್ತಲ್ಲ, ಮುಟ್ಟಿ ನೋಡ್ದೆ. ಜೋಸೆಪ್ಪಪ್ಪನ ಕೋಲು ಸಿಕ್ತು. ಇನ್ನಾಸ ಸುಳ್ಳಾಡಿದ್ರೆ ಕಿವಿ ಕೆಂಪಾಯ್ತದೆ, ಚಿಕ್ಕೋನಿದ್ದಾಗಿಂದ್ಲೂ."

"ಮತ್ತೆ ಯಾಕ್ ಕೇಳ್ಲಿಲ್ಲ? ನೀನು ಒಂದ್ ಮಾತು ಅಂದಿದ್ರೆ ಯಾರಾದ್ರೂ ಒಬ್ರು ತೆಗಿತಿದ್ರು."

"ತೆಗಿತಿದ್ರು" ಎಂದಳು ಅಮ್ಮ. ಮಡಿಲಲ್ಲಿದ್ದ ಮಗುವಿನ ಮೇಲೆ ಸೆರಗು ಎಳೆದುಕೊಂಡಳು. "ತೆಗುದೋನು ಸೋತ ಅಂತಾಯ್ತಿತ್ತು. ಇಬ್ರೂ ನನ್ ಹೊಟ್ಟೇಲಿ ಹುಟ್ಟಿದೋರು. ಯಾರ್ನ ಸೋಲಿಸ್ಲಿ, ನೀನೇ ಹೇಳು."