ಎಡಗನ್ನಡಿಯ ದೀಪ

ಡ್ರೈವರಣ್ಣ ಬಟ್ಟೆ ಹಿಂಡಿ, ಹಳೇ ಕಾರಿನ ಮುಂದಿನ ಗಾಜನ್ನು ಎರಡನೇ ಸಲ ಒರೆಸುತ್ತಿದ್ದಾಗ ಹಲ್ಲಿನ ಡಾಕ್ಟರಮ್ಮ ಮೆಟ್ಟಿಲಿಳಿದು ಬಂದರು.

"ಎಡಗಡೆ ಮೂಲೇಲಿ ಧೂಳು ಹಾಗೇ ಇದೆ. ಅದನ್ನ ಯಾರ ಪಾಲಿಗೆ ಬಿಟ್ಟಿದ್ದೀರಣ್ಣಾ?"

ಅವನು ನಕ್ಕ. ನಗು ತುಟಿ ದಾಟಲಿಲ್ಲ. ಎಡಗಣ್ಣಿನ ನೋಟ ಹೋಗಿ ಎಂಟು ತಿಂಗಳಾಗಿತ್ತು. ಇನ್ನು ಗಾಡಿ ಮುಟ್ಟಕೂಡದೆಂದು ಕಣ್ಣಿನ ಡಾಕ್ಟರು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು. ಅದನ್ನೆಲ್ಲ ಡಾಕ್ಟರಮ್ಮನಿಗೆ ಬರೆದ ಕಾಗದ, ಸ್ಟಾಂಪು ಹಚ್ಚಿದ್ದು, ಅಂಗಿಯ ಒಳಜೇಬಿನಲ್ಲೇ ಬೆವರು ಕುಡಿದು ಮೆತ್ತಗಾಗಿತ್ತು. ಎದುರು ನಿಂತು ಹೇಳಲು ಬಾಯಿ ಬರುತ್ತಿರಲಿಲ್ಲ, ಅಂಚೆಡಬ್ಬಿಗೆ ಹಾಕಲು ಕೈ ಬರುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಸ್ಟಿಯರಿಂಗ್ ಹಿಡಿದ ಕೈಗೆ ಬೇರೆ ಯಾವ ಕೆಲಸ ಗೊತ್ತು?

ಆವತ್ತು ಹೊಸ ಕಾರು ಆರಿಸಬೇಕಿತ್ತು. "ಓಡಿಸೋರು ನೀವು. ನೀವು ಬೊಟ್ಟು ಮಾಡಿದ್ದೇ ಮನೆಗೆ ಬರೋದು," ಎಂದುಬಿಟ್ಟಿದ್ದರು ಡಾಕ್ಟರಮ್ಮ.

ಶೋರೂಮಿನಲ್ಲಿ ಮೂರು ಸೆಡಾನುಗಳು ಸಾಲಾಗಿ ನಿಂತಿದ್ದವು. ಗಾತ್ರ ಮಧ್ಯಮ, ಠೀವಿ ಮಾತ್ರ ಅರಮನೆಯದು. ಬಿಳಿಯದರ ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಧಾರಾಳ ಜಾಗ. ಕಪ್ಪು ಬಣ್ಣದ್ದು ಸದ್ದೇ ಇಲ್ಲದ್ದು. ಮಾರುವ ಹುಡುಗಿ ಬೂದು ಕಾರಿನ ಪಕ್ಕದ ಕನ್ನಡಿ ಮುಟ್ಟಿದಳು.

"ನಿಮಗೆ ಕಾಣದ ಹಾಗೆ ಪಕ್ಕದಲ್ಲಿ ಯಾರಾದ್ರೂ ಬಂದ್ರೆ ಇಲ್ಲಿ ದೀಪ ಹತ್ತುತ್ತೆ ಅಂಕಲ್. ನಿಮ್ಮ ಬದಲು ಕಾರೇ ನೋಡುತ್ತೆ."

ಅವನಿಗೆ ಹೋದ ಜೀವ ಬಂದಂತಾಯಿತು. "ಇದೇ ಇರ್ಲಿ ಅಮ್ಮಾ."

"ಓಡಿಸಿ ನೋಡದೇನೇ? ಚಪ್ಪಲಿಗೇ ಹತ್ತು ಜೊತೆ ಹಾಕಿ ನೋಡೋರು ನೀವು."

ಓಡಿಸಿದ. ಪಕ್ಕದಲ್ಲಿ ಹುಡುಗಿ, ಹಿಂದೆ ಡಾಕ್ಟರಮ್ಮ. ಮೂರನೇ ತಿರುವಿನಲ್ಲಿ ಎಡಕ್ಕೆ ಹೊರಳಿಸಿದ್ದೇ ತಡ, "ಅಣ್ಣಾ, ನಿಲ್ಸಿ" ಎಂದು ಡಾಕ್ಟರಮ್ಮ ಕೂಗಿದರು. ಬ್ರೇಕು ಕಚ್ಚಿತು. ಎಡಬಾಗಿಲ ಪಕ್ಕದಲ್ಲೇ, ಸೈಕಲ್ಲಿನ ಹಿಂದೆ ಮಗು ಕೂರಿಸಿಕೊಂಡ ಹೆಂಗಸು ಕಾಲೂರಿ ನಿಂತಳು.

"ಕಣ್ಣು ಮನೇಲಿಟ್ಟು ಬಂದ್ಯಾ?" ಎಂದು ಬೈದು ಹೋದಳು.

"ದೀಪ ಆಗಿಂದ್ಲೂ ಹತ್ತಿತ್ತಲ್ಲ ಅಂಕಲ್," ಎಂದಳು ಹುಡುಗಿ.

ಅವನು ಕುತ್ತಿಗೆಯನ್ನು ಪೂರ್ತಿ ತಿರುಗಿಸಿದ. ಎಡಗನ್ನಡಿಯಲ್ಲಿ ಕಿತ್ತಳೆ ದೀಪ ಆಗತಾನೇ ಆರಿತು. ಕಾಣದ ಕಡೆಯ ಸುದ್ದಿಯನ್ನು ಕಾರು ಕಾಣದ ಕಡೆಯಲ್ಲೇ ಹೇಳುತ್ತಿತ್ತು. ಆ ಮಗುವಿನ ಕಾಲಿನ ಪುಟ್ಟ ಬೂಟು ಬಾಗಿಲಿಗೆ ಗೇಣು ದೂರದಲ್ಲಿ ಹಾದುಹೋಗಿತ್ತು.

ಕೀಲಿಯನ್ನು ಹುಡುಗಿಯ ಕೈಗಿಟ್ಟು ಇಳಿದ.

"ಏನೂ ಆಗ್ಲಿಲ್ವಲ್ಲ ಅಣ್ಣಾ, ಬನ್ನಿ," ಎಂದರು ಡಾಕ್ಟರಮ್ಮ.

"ಆಗ್ಲಿಲ್ಲ ಅಮ್ಮಾ. ನೀವು ಹೊರಡಿ."

"ಮತ್ತೆ ಕಾರು ಯಾವ್ದು?"

"ಬರೆದು ತಿಳಿಸ್ತೀನಿ."

"ಇದಕ್ಕೂ ಕಾಗದಾನಾ? ರಜೆ ಕೇಳೋಕೂ ಚೀಟಿ ಬರೆಯೋರು ನೀವು," ಎಂದು ಅವರು ನಗುತ್ತಲೇ ಹೋದರು.

ರಸ್ತೆಯ ಮೂಲೆಯಲ್ಲಿ ಅಂಚೆಡಬ್ಬಿ ಇತ್ತು. ಲಕೋಟೆಯನ್ನು ಅದರ ಮೈಗೊತ್ತಿ, ಹಿಂಬದಿಯಲ್ಲಿ ಬರೆದ: 'ಬಿಳಿಯದು ತೆಗೆದುಕೊಳ್ಳಿ. ಹಿಂದೆ ಕೂರುವವರು ನೀವು, ಕಾಲು ಚಾಚಬಹುದು. ಓಡಿಸಲು ಎರಡು ಕಣ್ಣಿರುವವರನ್ನು ನೋಡಿ.'

ಡಬ್ಬಿಯ ಬಾಯೊಳಗೆ ಕೈಯನ್ನು ಮೊಣಕೈವರೆಗೂ ತೂರಿಸುವವನಂತೆ ತಳ್ಳಿ, ಕಾಗದ ಬಿಟ್ಟ.